ಮರಕ್ಕೆ ಲೈಸೆನ್ಸ್ ಬೇಡ

ಡಬ್ಬಿಯ ಮೇಲೆ ಬರೆದಿತ್ತು: ಇಟ್ಟರೆ ಸಾಕು, ಕೂರುತ್ತದೆ.
ಜಾಲಹಳ್ಳಿಯ ವಾಚ್ ಫ್ಯಾಕ್ಟರಿಯಲ್ಲಿ
ಇಪ್ಪತ್ತಾರು ವರ್ಷ ಅರ ಹಿಡಿದ ಕೈ ನನ್ನದು.
ಹಾಕಿದ ಕೂಡಲೇ ಕುಳಿಯಲ್ಲಿ ಕೂರುವುದು
ಇಡ್ಲಿ ಹಿಟ್ಟು ಮಾತ್ರ.

ಹಲಸೂರಿನ ಈ ಗಲ್ಲಿಯ ಮಳಿಗೆ ಖುದ್ದೂಸ್ ಸಾಬರದು.
ಕಬ್ಬಿಣ ಅವರಿಗೆ, ಮರ ನನಗೆ,
ಚಹಾದ ಲೆಕ್ಕ ಇಬ್ಬರಿಗೂ.

ತ್ರಿಪುರಾಂಬ ಟೀಚರ್ ತಂದದ್ದು ಗಂಡನ ಪಾಯಿಂಟ್ ಟೂ ಟೂ;
ಹಾಳೆಯ ಕಪ್ಪು ಚುಕ್ಕಿ ಬಿಟ್ಟು
ಬೇರೇನನ್ನೂ ಹೊಡೆಯದ ಬಂದೂಕು.
ಲೈಸೆನ್ಸು ಇವರ ಹೆಸರಿಗೆ ಬರಲು ಒಂದೂವರೆ ವರ್ಷ ಹಿಡಿಯಿತು.
ಅವರದು ಆರಡಿ ಆಳಿನ ಅಳತೆ.
ಇವರ ಮೊಣಕೈ ಮಡಚಿ, ತೋರುಬೆರಳಿನ ಗೆಣ್ಣಿನವರೆಗೆ ಟೇಪು ಹಿಡಿದರೆ
ಹದಿಮೂರು ಅಂಗುಲಕ್ಕೆ ಕಾಲು ಕಡಿಮೆ.
"ಕೆನ್ನೆ ಇಟ್ಟರೆ ಅವರ ಕೆನ್ನೆಗೇ ತಾಗುತ್ತೆ ಕಣ್ರೀ,
ಗುರಿ ಎಲ್ಲಿಂದ ಕಾಣಬೇಕು?"
ನೋಡಿದೆ. ಹಳೆ ಸ್ಟಾಕಿನ ಎಡಮೈಯಲ್ಲಿ
ವಾರ್ನಿಷ್ ಹೋಗಿ ನುಣುಪಾದ ಒಂದು ಅಂಗೈಯಗಲ.

ಬೋಲ್ಟ್ ಹೊರಗೆಳೆದು, ಅಡಿಯ ಎರಡು ಸ್ಕ್ರೂ ಬಿಚ್ಚಿದರೆ
ಬಂದೂಕು ಅನ್ನುವುದೇ ಉಳಿಯುವುದಿಲ್ಲ.
ಸಾಬರ ಕೈಲಿ ಒಂದು ಕೊಳವೆ,
ನನ್ನ ಕೈಲಿ ಒಂದು ಉದ್ದನೆಯ ದೋಣಿ.

ಹೊಸ ಮರದಲ್ಲಿ ತಗಲುವುದೆಲ್ಲಿ? ತಿಳಿಯಲು ಮಸಿ ಬೇಕು.
ಟೀಚರ್ ಬ್ಯಾಗು ಕೆದಕಿ ಕಾಡಿಗೆ ಡಬ್ಬಿ ಕೊಟ್ಟರು.
ಕಬ್ಬಿಣದ ಹೊಟ್ಟೆಗೆ ತೆಳ್ಳಗೆ ಸವರಿ, ಇಳಿಸಿ, ಎತ್ತಿದೆ:
ಮರದ ತುಂಬ ದೃಷ್ಟಿಬೊಟ್ಟು.
ಕಪ್ಪಿದ್ದಲ್ಲಿ ಉಳಿ. ಮತ್ತೆ ಸವರು. ಮತ್ತೆ ಇಳಿಸು.
ಕೂದಲೆಳೆ ಕೆರೆದರೆ ಕೂರುತ್ತದೆ,
ಎರಡೆಳೆ ಕೆರೆದರೆ ಆಡುತ್ತದೆ,
ಆಡುವ ಕಬ್ಬಿಣ ಇವತ್ತೊಂದು ಕಡೆ, ನಾಳೆ ಇನ್ನೊಂದು ಕಡೆ,
ಪಂಚಾಯ್ತಿಗೆ ಕರೆತಂದ ನೆಂಟನ ಹಾಗೆ.

ಹಿಂಬದಿಯ ಸ್ಕ್ರೂ ಒಂದು ಬಾಕಿ.
ಅಷ್ಟರಲ್ಲಿ ಚುನಾವಣೆ ಬಂತು.
ಠಾಣೆಯಿಂದ ಫೋನು: ಆಯುಧ ಜಮಾ ಮಾಡಿ.
ಹಳೆಯ ಮರಕ್ಕೇ ತಿರುಗಿ ಹೂಡಿ, ಆಟೋ ಹತ್ತಿಸಿದೆವು.
ಪೇದೆ ಕಬ್ಬಿಣದ ಮೇಲಿನ ನಂಬರು ಓದಿ, ರಸೀದಿ ಹರಿದು ಕೊಟ್ಟನಂತೆ.

ಎರಡು ತಿಂಗಳು
ಖಾಲಿ ದೋಣಿಗೆ ಅಗಸೆ ಎಣ್ಣೆ ತಿಕ್ಕಿದೆ.
ಪ್ರತಿ ಸಂಜೆ, ಹೆಬ್ಬೆರಳ ಬುಡದಿಂದ, ಬಿಸಿಯಾಗುವವರೆಗೆ.
ಸಾಬರು ನಕ್ಕರು: ತೊಟ್ಟಿಲು ರೆಡಿ, ಮಗು ಸ್ಟೇಷನ್ನಿನಲ್ಲಿ.
ವೋಟಿನ ದಿನ ನನ್ನ ಬೆರಳಿಗೂ ಮಸಿ ಇಟ್ಟರು.
ಎಲ್ಲಿ ತಗಲುತ್ತಿದೆ ಎಂದು
ಯಾರೂ ಎತ್ತಿ ನೋಡಲಿಲ್ಲ.

ಬಂದೂಕು ಮರಳಿದಾಗ ಮಳೆ ಹಿಡಿದಿತ್ತು.
ಸ್ಕ್ರೂ ಬಿಗಿದು, ನಳಿಗೆಗೂ ಮರಕ್ಕೂ ನಡುವೆ
ಹತ್ತು ರೂಪಾಯಿ ನೋಟು ತೂರಿಸಿ ಎಳೆದೆ.
ತುದಿಯಿಂದ ನಾಲ್ಕು ಬೆರಳಾಚೆ ನಿಂತಿತು.
ನೀರು ಕುಡಿದು ಮರ ಉಬ್ಬಿದೆ.
ಮರಳುಕಾಗದ, ನೋಟು, ಮರಳುಕಾಗದ.
ನಾಲ್ಕನೆಯ ಸಲ
ನೋಟು ಬುಡದವರೆಗೂ ಹೋಗಿ ಬಂತು,
ಅಂಚಿಗೆ ಕಾಡಿಗೆ ಹತ್ತಿಸಿಕೊಂಡು.

ಟೀಚರ್ ಭುಜಕ್ಕಿಟ್ಟರು, ಗೋಡೆಯ ಕ್ಯಾಲೆಂಡರಿನತ್ತ.
"ಖಾಲಿ ಕುದುರೆ ಎಳೀಬೇಡಿ ಅಮ್ಮಾ, ಪಿನ್ನು ಹಾಳಾಗುತ್ತೆ."
ಎಳೆಯಲಿಲ್ಲ.
ಕೆನ್ನೆ ಇಳಿಯಿತು, ಹುಡುಕಲಿಲ್ಲ, ನಿಂತಿತು.
ಹೊರಗೆ ನೀರಿನ ಟ್ಯಾಂಕರು ಹಿಂದೆ ಹಿಂದೆ ಬರುತ್ತ
ಪೀಂ ಪೀಂ ಅನ್ನುತ್ತಿತ್ತು.
ತುಂಬ ಹೊತ್ತು ಹಾಗೇ ಇದ್ದರು.

ಬಂದೂಕು ಕ್ಲಬ್ಬಿಗೆ ಹೋಯಿತು.
ಮಾರನೆಯ ದಿನ ಮತ್ತೆ ಬಂದರು.
ಹೊಡೆದ ಹಾಳೆ ತೋರಿಸಲಿಲ್ಲ, ನಾನೂ ಕೇಳಲಿಲ್ಲ.
"ಹಳೇದನ್ನ ಏನು ಮಾಡಿದಿರಿ?"
ಅಟ್ಟದಿಂದ ಇಳಿಸಿದೆ. "ಇದಕ್ಕೂ ಕಾಗದ ಬೇಕೇನೋ?"
ಸಾಬರು ಕನ್ನಡಕ ಹಣೆಗೇರಿಸಿ,
"ಮರಕ್ಕೆ ಲೈಸೆನ್ಸ್ ಬೇಡಮ್ಮಾ, ತಗೊಂಡ್ಹೋಗಿ."

ಹಳೆ ಪೇಪರಿನಲ್ಲಿ ಸುತ್ತಿ ಕೊಟ್ಟೆ. ಎಡಮೈ ಒಳಗಾಗಿ.
ಬಸ್ಸಿನಲ್ಲಿ ಕಂಡಕ್ಟರು ಕೇಳಿದನಂತೆ, ಅದೇನು ಲಗೇಜು?
"ನಮ್ಮ ಯಜಮಾನರದು" ಅಂದರಂತೆ.
ಟಿಕೆಟ್ಟು ಒಂದೇ ಹರಿದನಂತೆ.